ಟಿಸಿ ನೀವೇ ಕೇಳಿ ಬರೆದುಕೊಡಿ ಅಂದರೆ ಏನು ಮಾಡಬೇಕು?

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯವರು. ಮಗನಿಗೆ ಹದಿನೈದು ವರ್ಷ, ಖಾಸಗಿ ಅನುದಾನರಹಿತ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸ್, ಸ್ಟೇಟ್ ಸಿಲಬಸ್. ಕೆಲವು ಹುಡುಗರು ವಿಜ್ಞಾನದ ಮೇಡಂ ಪಾಠ ಮಾಡುವುದನ್ನು ಮೊಬೈಲಿನಲ್ಲಿ ಹಿಡಿದು, ಹಾಡು ಸೇರಿಸಿ ಅಣಕಿಸಿ ಇನ್‌ಸ್ಟಾಗ್ರಾಂಗೆ ಹಾಕಿದ್ದಾರೆ. ಮರುದಿನ ಬ್ಯಾಗ್ ತಪಾಸಣೆ ಮಾಡಿದಾಗ ಮೊಬೈಲ್ ಸಿಕ್ಕಿದ್ದು ನನ್ನ ಮಗನ ಬ್ಯಾಗಿನಲ್ಲಿ. ಮೊಬೈಲ್ ಅವನದೇ. ಆದರೆ ಗೆಳೆಯ ಕೇಳಿ ಇಸಕೊಂಡಿದ್ದ, ವಿಡಿಯೊ ತೆಗೆದಿದ್ದು ತಾನಲ್ಲ ಅಂತಾನೆ. ಆವತ್ತೇ ಆಫೀಸಿನಲ್ಲಿ ಕೂರಿಸಿ ತಪ್ಪೊಪ್ಪಿಗೆ ಪತ್ರ ಬರೆಸಿಕೊಂಡರು. ಪ್ರಾರ್ಥನೆ ವೇಳೆ ಎಲ್ಲರ ಮುಂದೆ ನಿಲ್ಲಿಸಿ ಹೆಸರು ಹೇಳಿದರು. ‘ನಾವು ಹೇಳುವವರೆಗೆ ಬರಬೇಡ’ ಅಂದು ಮೂರು ವಾರ ಆಯಿತು. ಕಾಗದದಲ್ಲಿ ಏನೂ ಕೊಟ್ಟಿಲ್ಲ. ಈಗ ‘ನೀವೇ ಟಿಸಿಗೆ ಅರ್ಜಿ ಕೊಡಿ, ನಡತೆ ತೃಪ್ತಿಕರ ಅಂತ ಬರೀತೀವಿ. ಇಲ್ಲದಿದ್ದರೆ ಕೆಟ್ಟದು ಅಂತ ಬರೆದು ಕಳಿಸ್ತೀವಿ, ಸೈಬರ್ ಕೇಸೂ ಆಗುತ್ತೆ’ ಅಂತಾರೆ. ಜೊತೆಗಿದ್ದ ಒಬ್ಬ ಹುಡುಗ ಆಡಳಿತ ಮಂಡಳಿಯವರ ಸಂಬಂಧಿ, ಅವನು ಕ್ಲಾಸಿಗೆ ಹೋಗುತ್ತಿದ್ದಾನೆ. ನಮ್ಮ ಮನೆಯವರು ಕಾಲು ಹಿಡಿದಾದರೂ ಒಪ್ಪಿಸೋಣ ಅಂತಾರೆ. ಮೈದುನ ‘ಆರ್‌ಟಿಇ ಇದೆ, ಕೋರ್ಟಿಗೆ ಎಳೆಯೋಣ’ ಅಂತಾನೆ. ಮಗ ಸರಿಯಾಗಿ ಊಟ ಮಾಡುತ್ತಿಲ್ಲ. ಏನು ಮಾಡಲಿ? ಅವನು ಮೇಡಂ ಹತ್ತಿರ ಕ್ಷಮೆ ಕೇಳಬೇಕಾ?

ಉತ್ತರ: ಮೊದಲು ತುರ್ತಿನ ಮಾತು. ಟಿಸಿ ಅರ್ಜಿಗೆ ಸಹಿ ಹಾಕಬೇಡಿ. ‘ಸುಮ್ನೆ ಒಂದು ಫಾರ್ಮಾಲಿಟಿ’ ಅಂದರೂ ಬೇಡ. ನೀವೇ ಕೇಳಿ ತೆಗೆದುಕೊಂಡ ಟಿಸಿ ಅಂತಾದರೆ, ಕಾಗದದ ಮೇಲೆ ಶಾಲೆ ನಿಮ್ಮ ಮಗನಿಗೆ ಯಾವ ಶಿಕ್ಷೆಯನ್ನೂ ಕೊಟ್ಟ ಹಾಗೆ ಆಗುವುದಿಲ್ಲ. ನಾಳೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಹತ್ತಿರ ಹೋದರೂ, ಕೋರ್ಟಿಗೆ ಹೋದರೂ ಶಾಲೆಯವರು ಆ ಒಂದು ಹಾಳೆ ತೋರಿಸುತ್ತಾರೆ. ‘ಪೋಷಕರೇ ಇಷ್ಟಪಟ್ಟು ಬಿಡಿಸಿಕೊಂಡು ಹೋದರು’ ಅಂತಾರೆ. ಪ್ರಶ್ನೆ ಮಾಡಲು ಆದೇಶವೇ ಇರುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನೋಂದಣಿ ಆಗುವುದು ಶಾಲೆಯ ಮೂಲಕ. ವರ್ಷದ ನಡುವೆ ಹತ್ತನೇ ಕ್ಲಾಸಿನ ಹುಡುಗನನ್ನು ಸೇರಿಸಿಕೊಳ್ಳಲು ಬೇರೆ ಶಾಲೆಗಳು ಹಿಂದೆ ಮುಂದೆ ನೋಡುತ್ತವೆ. ಸೇರಿಸಿಕೊಳ್ಳುವ ಶಾಲೆ ಯಾವುದು ಅಂತ ಖಚಿತವಾಗದೆ ಟಿಸಿ ಕೈಗೆ ತಗೊಂಡರೆ ಹುಡುಗ ಎಲ್ಲಿಯೂ ಇಲ್ಲದವನಾಗುತ್ತಾನೆ.

ನಿಮ್ಮ ಪತ್ರದಲ್ಲಿ ಎರಡು ವಿಷಯ ಗಂಟುಬಿದ್ದಿವೆ. ಮಗ ತಪ್ಪು ಮಾಡಿದನಾ ಅನ್ನುವುದು ಒಂದು. ಶಾಲೆ ನಡೆದುಕೊಂಡ ರೀತಿ ಸರಿಯಾ ಅನ್ನುವುದು ಇನ್ನೊಂದು. ತಪ್ಪು ಮಾಡಿದ ಮಗುವಿಗೂ ನ್ಯಾಯವಾದ ವಿಚಾರಣೆ ಸಿಗಬೇಕು. ನ್ಯಾಯವಾದ ವಿಚಾರಣೆ ಆದ ಮೇಲೂ ಮಗುವಿಗೆ ಶಿಕ್ಷೆ ಆಗಬಹುದು. ಇವೆರಡನ್ನೂ ಬೇರೆ ಬೇರೆ ಇಟ್ಟುಕೊಳ್ಳದಿದ್ದರೆ ಶಾಲೆಯ ಆಫೀಸಿನಲ್ಲಿ ಮಾತು ಮುಂದೆ ಹೋಗುವುದಿಲ್ಲ. ನೀವು ‘ವಿಚಾರಣೆ ಮಾಡಲಿಲ್ಲ’ ಅಂತೀರಿ, ಅವರು ‘ಮಗನನ್ನು ಸಮರ್ಥಿಸ್ತೀರಾ’ ಅಂತಾರೆ. ಜಗಳ ಅಲ್ಲಿಗೇ ನಿಲ್ಲುತ್ತದೆ.

ನಿಮ್ಮ ಮೈದುನ ಹೇಳಿದ್ದು ಅರ್ಧ ಸರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ (ಅದೇ ಆರ್‌ಟಿಇ) 16ನೇ ಕಲಂ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಅನ್ನುತ್ತದೆ, ನಿಜ. ಆದರೆ ಅದು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಅಂದರೆ ಎಂಟನೇ ಕ್ಲಾಸಿನವರೆಗೆ ಮಾತ್ರ. 2019ರ ತಿದ್ದುಪಡಿ ಐದು ಮತ್ತು ಎಂಟನೇ ಕ್ಲಾಸಿನಲ್ಲಿ ಫೇಲ್ ಮಾಡಲು ದಾರಿ ಮಾಡಿತು, ಹೊರಹಾಕಲು ಮಾಡಲಿಲ್ಲ. ನಮ್ಮಲ್ಲಿ ಹೈಸ್ಕೂಲು ಶುರುವಾಗುವುದು ಎಂಟನೇ ಕ್ಲಾಸಿನಿಂದ. ಹಾಗಾಗಿ ಒಂದೇ ಕಟ್ಟಡದಲ್ಲಿ ಎಂಟರ ಹುಡುಗನಿಗೆ ಇರುವ ಈ ರಕ್ಷಣೆ ಹತ್ತರ ಹುಡುಗನಿಗೆ ಇಲ್ಲ. ಆಫೀಸಿಗೆ ಹೋಗಿ ‘ಆರ್‌ಟಿಇ ಪ್ರಕಾರ ತೆಗೆಯುವಂತಿಲ್ಲ’ ಅಂತ ಮೇಜು ಕುಟ್ಟಿದರೆ, ಕಾನೂನು ಗೊತ್ತಿರುವ ಎಚ್‌ಎಂ ಅದೇ ಕಾಯ್ದೆ ತೆಗೆದು ತೋರಿಸಿಬಿಡುತ್ತಾರೆ. ಆಮೇಲೆ ನಿಮ್ಮ ಸರಿಯಾದ ಮಾತಿಗೂ ಬೆಲೆ ಇರುವುದಿಲ್ಲ.

ಹಾಗಂತ ಖಾಸಗಿ ಶಾಲೆಗಳು ಹೇಳುವ ‘ನಮ್ಮ ಶಾಲೆ, ನಮ್ಮ ರೂಲ್ಸು’ ಅನ್ನುವುದೂ ಪೂರ್ತಿ ನಿಜವಲ್ಲ. ಶಾಲೆ ನಡೆಯುವುದು ಸರ್ಕಾರದ ಮಾನ್ಯತೆಯ ಮೇಲೆ, ಇಲಾಖೆಯ ಮೇಲ್ವಿಚಾರಣೆಯಲ್ಲಿ. ಕೇರಳದ ಒಂದು ಪ್ರಕರಣ ಹೇಳುತ್ತೇನೆ. 1985ರ ಜುಲೈನಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳನ್ನು ಶಾಲೆಯಿಂದ ತೆಗೆದುಹಾಕಿದರು. ಒಬ್ಬ ಹತ್ತನೇ ಕ್ಲಾಸ್, ಒಬ್ಬಳು ಒಂಬತ್ತು, ಇನ್ನೊಬ್ಬಳು ಐದು. ರಾಷ್ಟ್ರಗೀತೆಗೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಕೇರಳ ಹೈಕೋರ್ಟಿನಲ್ಲಿ ಸೋತರು. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಬಿಜೋ ಇಮ್ಯಾನುಯೆಲ್ ಪ್ರಕರಣ ಅಂತ ಕಾನೂನು ಓದಿದವರೆಲ್ಲ ಅದನ್ನು ಬಲ್ಲರು. ಅಲ್ಲಿ ಶಾಲೆ ನಂಬಿಕೊಂಡಿದ್ದ ಸುತ್ತೋಲೆಗಳಿಗೆ ಕಾನೂನಿನ ಬಲವೇ ಇರಲಿಲ್ಲ. ಶಿಸ್ತು ಅನ್ನುವ ಒಂದೇ ಮಾತಿಗೆ ಮಗುವಿನ ಮೂಲಭೂತ ಹಕ್ಕು ಬಗ್ಗುವುದಿಲ್ಲ ಅನ್ನುವುದು ಆ ತೀರ್ಪಿನಿಂದ ಸ್ಪಷ್ಟವಾಯಿತು. ನಿಮ್ಮ ಮಗನ ವಿಷಯ ಅಷ್ಟು ದೊಡ್ಡದಲ್ಲ. ಆದರೆ ಎಚ್‌ಎಂ ಹೇಳಿದ್ದೇ ಕೊನೆಯ ಮಾತಲ್ಲ ಅಂತ ತಿಳಿದಿರಲಿ.

ಶಾಲೆಗೆ ಇರುವ ಅಧಿಕಾರವನ್ನೂ ಒಪ್ಪಿಕೊಳ್ಳೋಣ. ಮೊಬೈಲ್ ತರಬಾರದು ಅಂತ ನಿಯಮ ಮಾಡಬಹುದು. ಸಿಕ್ಕರೆ ತೆಗೆದಿಟ್ಟುಕೊಳ್ಳಬಹುದು. ದೆಹಲಿ ಹೈಕೋರ್ಟ್ 2025ರ ಫೆಬ್ರುವರಿಯಲ್ಲಿ ಶಾಲಾ ಮಕ್ಕಳ ಸ್ಮಾರ್ಟ್‌ಫೋನ್ ಬಗ್ಗೆಯೇ ಒಂದು ಆದೇಶ ಕೊಟ್ಟಿದೆ. ಪೂರ್ತಿ ನಿಷೇಧ ಕಾರ್ಯಸಾಧ್ಯವಲ್ಲ, ಆದರೆ ನಿಯಂತ್ರಣ ಬೇಕು, ಫೋನ್ ಜಪ್ತಿ ಮಾಡುವುದು ತಪ್ಪಲ್ಲ ಅಂದಿದೆ. ಅದರ ಜೊತೆಗೇ, ನಿಯಮ ಮುರಿದರೆ ಏನಾಗುತ್ತದೆ ಅನ್ನುವುದು ಮೊದಲೇ ಸ್ಪಷ್ಟವಾಗಿರಬೇಕು, ನ್ಯಾಯವಾಗಿರಬೇಕು, ಅತಿ ಕಠಿಣವಾಗಿರಬಾರದು ಅಂತಲೂ ಹೇಳಿದೆ. ಆ ಆದೇಶ ಕರ್ನಾಟಕದ ಶಾಲೆಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಅದರ ಮಾತು ನಿಮ್ಮ ಪತ್ರದಲ್ಲಿ ಉಪಯೋಗಕ್ಕೆ ಬರುತ್ತದೆ. ಶಾಲೆಯ ಡೈರಿಯ ಮೊದಲ ಪುಟಗಳಲ್ಲಿ ನಿಯಮಗಳು ಅಚ್ಚಾಗಿರುತ್ತವೆ, ಅಲ್ವಾ? ಇವತ್ತೇ ತೆಗೆದು ಓದಿ. ಮೊಬೈಲ್ ಬಗ್ಗೆ ಏನು ಬರೆದಿದೆ, ಸಿಕ್ಕರೆ ಏನು ಕ್ರಮ ಅಂತ ಬರೆದಿದೆ ನೋಡಿ. ‘ಪೋಷಕರನ್ನು ಕರೆಸಲಾಗುವುದು’ ಅಂತ ಮಾತ್ರ ಇದ್ದು, ಕೊಟ್ಟಿದ್ದು ಗಡಿಪಾರು ಅಂದರೆ ಆ ಒಂದು ಸಾಲೇ ನಿಮ್ಮ ಪರವಾಗಿ ಮಾತಾಡುತ್ತದೆ.

ಈಗ ತಪ್ಪೊಪ್ಪಿಗೆ ಪತ್ರದ ವಿಷಯ. ನಿಮಗೆ ಜಾಸ್ತಿ ಭಯ ಇರುವುದು ಇದರ ಬಗ್ಗೆಯೇ ಅನಿಸುತ್ತದೆ. ಮಕ್ಕಳ ಪ್ರಕರಣಗಳಲ್ಲಿ ಕೆಲಸ ಮಾಡುವ ನನ್ನ ಕೈಗೆ ಇಂಥ ಪತ್ರಗಳು ಬರುತ್ತಲೇ ಇರುತ್ತವೆ. ಹೆಚ್ಚುಕಡಿಮೆ ಎಲ್ಲವೂ ಒಂದೇ ಥರ. ಲಾಂಗ್ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಮೇಲೆ ‘ಇಂದ’, ‘ಇವರಿಗೆ’. ಆಮೇಲೆ ‘ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಇಚ್ಛೆಯಿಂದ ಒಪ್ಪಿಕೊಳ್ಳುತ್ತೇನೆ’. ‘ಸ್ವಇಚ್ಛೆ’ ಅನ್ನುವಲ್ಲಿ ಒತ್ತಕ್ಷರ ತಪ್ಪಿ ಹೊಡೆದುಹಾಕಿ ಮತ್ತೆ ಬರೆದಿರುತ್ತದೆ. ಹದಿನೈದರ ಹುಡುಗ ಯಾವತ್ತೂ ಆಡದ ಮಾತುಗಳು ಅವು. ಯಾರೋ ಪಕ್ಕದಲ್ಲಿ ನಿಂತು ಹೇಳಿ ಬರೆಸಿದ್ದು ಅಂತ ಓದಿದ ಯಾರಿಗಾದರೂ ಗೊತ್ತಾಗುತ್ತದೆ. ಅಪ್ಪ ಅಮ್ಮ ಇಲ್ಲದಾಗ, ಬಾಗಿಲು ಹಾಕಿದ ರೂಮಿನಲ್ಲಿ, ದೊಡ್ಡವರ ನಡುವೆ ಬರೆಸಿಕೊಂಡ ಪತ್ರದ ತೂಕ ತುಂಬ ಕಡಿಮೆ.

ಪತ್ರ ನಿಜವೇ ಇರಲಿ ಅಂತ ಒಂದು ಕ್ಷಣ ಇಟ್ಟುಕೊಳ್ಳಿ. ಆಗಲೂ ಶಾಲೆ ವಿಚಾರಣೆ ಬಿಡುವಂತಿಲ್ಲ. 1970ರಲ್ಲಿ ಸುಪ್ರೀಂ ಕೋರ್ಟಿಗೆ ಉತ್ತರ ಪ್ರದೇಶದ ಒಬ್ಬ ವಿದ್ಯಾರ್ಥಿನಿಯ ಪ್ರಕರಣ ಬಂದಿತ್ತು, ಚಿತ್ರಾ ಶ್ರೀವಾಸ್ತವ ಅಂತ. ಹಾಜರಾತಿ ಕಡಿಮೆ ಇತ್ತು ಅಂತ ಬರೆದು ಮುಗಿಸಿದ್ದ ಪರೀಕ್ಷೆಯನ್ನೇ ಬೋರ್ಡು ರದ್ದು ಮಾಡಿತ್ತು. ನೋಟಿಸ್ ಕೊಟ್ಟಿರಲಿಲ್ಲ. ‘ಹಾಜರಾತಿ ಕಡಿಮೆ ಇದ್ದಿದ್ದು ಗೊತ್ತಿರುವ ವಿಷಯ, ಕೇಳಿದ್ದರೂ ಅವಳು ಹೇಳಲು ಏನಿತ್ತು?’ ಅನ್ನುವ ರೀತಿಯಲ್ಲಿ ಬೋರ್ಡು ವಾದಿಸಿತು. ಕೋರ್ಟ್ ಒಪ್ಪಲಿಲ್ಲ. ನೋಟಿಸ್ ಕೊಡಬೇಕೋ ಬೇಡವೋ ಅನ್ನುವುದು, ಆ ವ್ಯಕ್ತಿಗೆ ಹೇಳಿಕೊಳ್ಳಲು ಏನಾದರೂ ಇದೆಯಾ ಅಂತ ಅಧಿಕಾರಿಗೆ ಅನಿಸುವುದರ ಮೇಲೆ ನಿಂತಿಲ್ಲ. ಹೊರಡಿಸಲಿರುವ ಆದೇಶ ಎಂಥದ್ದು ಅನ್ನುವುದರ ಮೇಲೆ ನಿಂತಿದೆ ಅಂದಿತು. ನನ್ನ ಮಟ್ಟಿಗೆ ಶಾಲಾ ಶಿಸ್ತಿನ ಇಡೀ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಮಾತಿಲ್ಲ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಹುಡುಗನನ್ನು ಹೊರಗೆ ಕಳಿಸುವುದು ಅಂದರೆ ಅವನ ಮುಂದಿನ ದಾರಿಯನ್ನೇ ಮುಟ್ಟುವ ಆದೇಶ. ‘ಒಪ್ಪಿಕೊಂಡಿದ್ದಾನಲ್ಲ’ ಅನ್ನುವುದು ಅಲ್ಲಿ ಸಾಲುವುದಿಲ್ಲ.

ಅದಕ್ಕೂ ಮೊದಲು, 1962ರಲ್ಲಿ, ಘನಶ್ಯಾಮ್ ದಾಸ್ ಗುಪ್ತ ಪ್ರಕರಣ ಬಂದಿತ್ತು. ಇಂಟರ್‌ಮೀಡಿಯೆಟ್ ಪಾಸಾಗಿದ್ದ ಮೂವರು ಹುಡುಗರ ಫಲಿತಾಂಶವನ್ನು ನಕಲಿನ ಆರೋಪದ ಮೇಲೆ, ಅವರನ್ನು ಒಂದು ಮಾತೂ ಕೇಳದೆ ರದ್ದು ಮಾಡಿದ್ದರು. ಕೇಳದೆ ಮಾಡಿದ್ದು ತಪ್ಪು ಅಂತ ಕೋರ್ಟ್ ಹೇಳಿತು. ಇವೆರಡೂ ಪರೀಕ್ಷಾ ಮಂಡಳಿಗಳ ಪ್ರಕರಣಗಳು. ಆದರೆ ವಿದ್ಯಾರ್ಥಿಯ ಭವಿಷ್ಯ ಮುಟ್ಟುವ ನಿರ್ಧಾರ ಬಂದಾಗಲೆಲ್ಲ ವಕೀಲರು, ನ್ಯಾಯಾಧೀಶರು ತಿರುಗಿ ನೋಡುವುದು ಇವುಗಳ ಕಡೆಗೇ.

ವಿಚಾರಣೆ ಅಂದ ಕೂಡಲೇ ಕೋರ್ಟಿನ ಕಟಕಟೆ ನೆನಪಿಸಿಕೊಳ್ಳಬೇಡಿ. ಶಾಲೆಯವರೂ ಹಾಗೇ ಹೆದರುತ್ತಾರೆ, ‘ಲಾಯರ್ ಕರೆಸಿ ಸಾಕ್ಷಿ ಕೇಳಬೇಕಾ’ ಅಂತ. ಹಾಗೇನಿಲ್ಲ. ರಾಂಚಿಯ ಮೆಡಿಕಲ್ ಕಾಲೇಜೊಂದರ ಹುಡುಗರು ರಾತ್ರಿ ಹುಡುಗಿಯರ ಹಾಸ್ಟೆಲ್ಲಿಗೆ ನುಗ್ಗಿದ ಪ್ರಕರಣ 1973ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಹುಡುಗಿಯರ ಹೇಳಿಕೆಯನ್ನು ಆ ಹುಡುಗರ ಎದುರಿಗೆ ಪಡೆದಿರಲಿಲ್ಲ, ಪಾಟೀಸವಾಲಿಗೆ ಬಿಟ್ಟಿರಲಿಲ್ಲ. ಅದು ಸರಿಯೇ ಅಂತ ಕೋರ್ಟ್ ಹೇಳಿತು. ಹುಡುಗರಿಗೆ ಆರೋಪ ಏನು ಅಂತ ತಿಳಿಸಿದ್ದರು, ಉತ್ತರ ಹೇಳಲು ಅವಕಾಶ ಕೊಟ್ಟಿದ್ದರು. ಅಷ್ಟು ಸಾಕಾಯಿತು. ಹಾಗಾಗಿ ‘ಯಾರು ನನ್ನ ಮಗನ ಹೆಸರು ಹೇಳಿದರು ತೋರಿಸಿ’ ಅಂತ ನೀವು ಹಟ ಹಿಡಿಯಲು ಆಗುವುದಿಲ್ಲ. ಹೇಳಿದ ಮಗುವಿಗೂ ರಕ್ಷಣೆ ಬೇಕು.

ನಿಮ್ಮ ಮಗನಿಗೆ ಸಿಗಬೇಕಿದ್ದದ್ದು ಇಷ್ಟೇ. ಯಾವ ದಿನ, ಏನು ಮಾಡಿದ ಅನ್ನುವ ಆರೋಪ ಒಂದು ಕಾಗದದಲ್ಲಿ. ಉತ್ತರ ಕೊಡಲು ಒಂದೆರಡು ದಿನ. ನಿಮ್ಮ ಎದುರಿಗೆ ಅವನ ಮಾತು ಕೇಳುವುದು. ನಿರ್ಧಾರ ಮಾಡುವವರು ಘಟನೆಯಲ್ಲಿ ಸಿಕ್ಕಿಹಾಕಿಕೊಂಡವರಾಗಿರಬಾರದು. ಮನಸ್ಸು ನೊಂದಿರುವ ಮೇಡಂ ಆಗಲಿ, ಇನ್ನೊಬ್ಬ ಹುಡುಗನ ಸಂಬಂಧಿಕರಾಗಲಿ ಆ ಜಾಗದಲ್ಲಿ ಕೂರಬಾರದು. ಆಮೇಲೆ ಕಾರಣ ಸಮೇತ ಬರಹದಲ್ಲಿ ತೀರ್ಮಾನ. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಇಲ್ಲಿ ಆಗಿದ್ದು ತಲೆಕೆಳಗು. ಶಿಕ್ಷೆ ಮೊದಲು ಬಂತು, ವಿಚಾರಣೆ ಬರಲೇ ಇಲ್ಲ.

‘ನಾವು ಹೇಳುವವರೆಗೆ ಬರಬೇಡ’ ಅನ್ನುವುದರ ಬಗ್ಗೆ ಎಚ್ಚರ ಇರಲಿ. ಜಗಳ ತಣ್ಣಗಾಗಲಿ ಅಂತ ಎರಡು ಮೂರು ದಿನ ಮನೆಯಲ್ಲಿರಿಸುವುದು ಬೇರೆ. ಕೊನೆ ದಿನಾಂಕವೇ ಇಲ್ಲದ ಅಮಾನತು ಬೇರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶೇ 75 ಹಾಜರಾತಿ ಬೇಕು. ಶಾಲೆಯೇ ಹೊರಗಿಟ್ಟ ಈ ಮೂರು ವಾರ ರಿಜಿಸ್ಟರಿನಲ್ಲಿ ಬರೀ ಗೈರುಹಾಜರಿ ಅಂತ ಬಿದ್ದಿರುತ್ತದೆ. ಫೆಬ್ರುವರಿ ಹೊತ್ತಿಗೆ ಯಾರಿಗೂ ಇದು ನೆನಪಿರುವುದಿಲ್ಲ, ಶಾರ್ಟೇಜ್ ಪಟ್ಟಿಯಲ್ಲಿ ಹೆಸರು ಮಾತ್ರ ಬರುತ್ತದೆ. ವರ್ಷದ ನಡುವೆ ನಡೆಯುವ ಎಫ್‌ಎ (ರೂಪಣಾತ್ಮಕ) ಟೆಸ್ಟುಗಳು, ಪ್ರಾಜೆಕ್ಟುಗಳು ತಪ್ಪುವುದು ಇನ್ನೊಂದು ನಷ್ಟ. ಆದ್ದರಿಂದ ನಿಮ್ಮ ಮೊದಲ ಪತ್ರದಲ್ಲೇ ಹಾಜರಾತಿಯ ಮಾತು ಬರಬೇಕು.

ಪ್ರಾರ್ಥನೆಯಲ್ಲಿ ನಿಲ್ಲಿಸಿ ಹೆಸರು ಹೇಳಿದ್ದು ನನ್ನ ಪ್ರಕಾರ ಇಡೀ ಪ್ರಕರಣದ ಕೆಟ್ಟ ಭಾಗ. ಇನ್ನೂ ಸಾಬೀತಾಗದ ಆರೋಪಕ್ಕೆ ನೂರಾರು ಮಕ್ಕಳ ಮುಂದೆ ಅವಮಾನ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಆ ಕಾಯ್ದೆ ನಿಮ್ಮ ಮಗನ ವಯಸ್ಸಿಗೆ ಅನ್ವಯಿಸದಿದ್ದರೂ 2015ರ ಬಾಲನ್ಯಾಯ ಕಾಯ್ದೆ 18 ವರ್ಷದವರೆಗಿನ ಎಲ್ಲ ಮಕ್ಕಳದ್ದು. ಅದರ 75ನೇ ಕಲಂ, ಮಗುವಿನ ಹೊಣೆ ಹೊತ್ತವರು ಅನಗತ್ಯವಾಗಿ ದೈಹಿಕ ಅಥವಾ ಮಾನಸಿಕ ಯಾತನೆ ಆಗುವ ಹಾಗೆ ನಡೆದುಕೊಂಡರೆ ಅಪರಾಧ ಅನ್ನುತ್ತದೆ. ಮಕ್ಕಳ ಆರೈಕೆಯ ಹೊಣೆ ಹೊತ್ತ ಸಂಸ್ಥೆಯ ನೌಕರರಾದರೆ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ.

ಇದನ್ನು ಓದಿ ನಾಳೆಯೇ ಸ್ಟೇಷನ್ನಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಹೊಡೆದು ಗಾಯ ಆಗಿದ್ದರೆ, ಬಟ್ಟೆ ಬಿಚ್ಚಿಸಿದ್ದರೆ, ಜಾತಿ ಹಿಡಿದು ಬೈದಿದ್ದರೆ ಮಾತೇ ಬೇರೆ, ಆಗ ತಡಮಾಡಬಾರದು. ಒಮ್ಮೆ ಪ್ರಾರ್ಥನೆಯಲ್ಲಿ ಹೆಸರು ಹೇಳಿದ್ದಕ್ಕೆ ಪೊಲೀಸ್ ದೂರು ಕೊಟ್ಟರೆ, ನಿಮ್ಮ ಮಗ ಅದೇ ಶಾಲೆಯಲ್ಲಿ ಕೂತು ಪರೀಕ್ಷೆ ಬರೆಯುವ ದಾರಿ ಬಹುಪಾಲು ಮುಚ್ಚಿದಂತೆ. ಈಗ ನಿಮಗೆ ಬೇಕಿರುವುದು ಅವನು ಕ್ಲಾಸಿಗೆ ವಾಪಸ್ ಹೋಗುವುದು. ಆಗಿದ್ದನ್ನು ಪತ್ರದಲ್ಲಿ ದಾಖಲು ಮಾಡಿ. ದೂರು ಬೇಕಾದರೆ ಆಮೇಲೂ ಕೊಡಬಹುದು.

ಅವರು ಹೇಳುವ ಸೈಬರ್ ಕೇಸಿಗೆ ನೀವು ಅಂದುಕೊಂಡಷ್ಟು ಹೆದರಬೇಕಿಲ್ಲ. ಹಾಡು ಸೇರಿಸಿದ ಅಣಕು ವಿಡಿಯೊ ಕೆಟ್ಟ ನಡತೆ, ಸಂಶಯವಿಲ್ಲ. ಅದು ಅಪರಾಧವಾಗುತ್ತದಾ ಅನ್ನುವುದು ಅದರಲ್ಲಿ ಏನಿದೆ ಅನ್ನುವುದರ ಮೇಲೆ ಹೋಗುತ್ತದೆ. ಅಶ್ಲೀಲವಾಗಿ ತಿರುಚಿದ್ದರೆ ಐಟಿ ಕಾಯ್ದೆಯ 67ನೇ ಕಲಂ ಬರುತ್ತದೆ. ಆಗಲೂ 18ರ ಒಳಗಿನವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ. 2016ರ ಮಾದರಿ ನಿಯಮಗಳ ಪ್ರಕಾರ, ಘೋರ ಅಪರಾಧವಲ್ಲದಿದ್ದರೆ ಮತ್ತು ವಯಸ್ಕರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ ಎಫ್‌ಐಆರ್ ಹಾಕದೆ ಸ್ಟೇಷನ್ ಡೈರಿಯಲ್ಲಿ ಬರೆದು ಬಾಲನ್ಯಾಯ ಮಂಡಳಿಗೆ ವರದಿ ಕೊಡಬೇಕು. ಮಂಡಳಿ ತಪ್ಪು ಅಂತ ಹೇಳಿದರೂ ಅದು ಮುಂದೆ ಓದಿಗೆ, ಕೆಲಸಕ್ಕೆ ಅನರ್ಹತೆ ಆಗುವುದಿಲ್ಲ ಅಂತ ಕಾಯ್ದೆಯ 24ನೇ ಕಲಂ ಹೇಳುತ್ತದೆ. ‘ಜೀವನ ಪೂರ್ತಿ ಕಪ್ಪುಚುಕ್ಕೆ’ ಅನ್ನುವ ಮಾತು ಹೆದರಿಸಲು ಹೇಳುವುದು. ಒಂದು ಎಚ್ಚರಿಕೆ ಮಾತ್ರ: ಆ ಫೋನಿನಲ್ಲಿ ಯಾವುದಾದರೂ ಮಗುವಿನ ಲೈಂಗಿಕ ಚಿತ್ರ ಇದ್ದರೆ ಈ ಇಡೀ ಉತ್ತರ ಬದಲಾಗುತ್ತದೆ. ಅಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆ ಬರುತ್ತದೆ. ಶಾಲೆ ಅದನ್ನು ಒಳಗೊಳಗೇ ಮುಗಿಸುವಂತಿಲ್ಲ, ಪೊಲೀಸರಿಗೆ ತಿಳಿಸಲೇಬೇಕು. ಹಾಗೇನಾದರೂ ಇದ್ದರೆ ಮೊದಲು ವಕೀಲರನ್ನು ನೋಡಿ.

ಫೋನಿನ ಬಗ್ಗೆ ಇನ್ನೊಂದು. ಏನನ್ನೂ ಡಿಲೀಟ್ ಮಾಡಿಸಬೇಡಿ. ವಿಡಿಯೊ ಯಾವ ಅಕೌಂಟಿನಿಂದ, ಎಷ್ಟು ಗಂಟೆಗೆ ಹೋಯಿತು ಅನ್ನುವುದೇ ನಿಮ್ಮ ಮಗನ ಮಾತಿಗೆ ದೊಡ್ಡ ಸಾಕ್ಷಿ. ಅಕೌಂಟ್ ಬೇರೆಯವನದ್ದಾಗಿದ್ದರೆ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಫೋನ್ ಶಾಲೆಯ ಬೀರುವಿನಲ್ಲಿದ್ದರೆ, ಯಾವ ದಿನ ತೆಗೆದುಕೊಂಡರು ಅನ್ನುವುದಕ್ಕೆ ಬರಹ ಕೇಳಿ. ತೆಗೆದಿಟ್ಟುಕೊಳ್ಳುವುದು ಸರಿ, ಪಾಸ್‌ವರ್ಡ್ ಕೇಳಿ ಗ್ಯಾಲರಿ, ವಾಟ್ಸಾಪ್ ಎಲ್ಲ ಜಾಲಾಡುವುದು ಸರಿಯಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕು ಅಂದಾಗ ಮಕ್ಕಳನ್ನು ಹೊರಗಿಟ್ಟಿರಲಿಲ್ಲ.

ಶಾಲೆಗಳು ಯಾಕೆ ಹೀಗೆ ಮಾಡುತ್ತವೆ ಅನ್ನುವುದನ್ನೂ ಹೇಳಬೇಕು. ಎಲ್ಲರೂ ಕೆಟ್ಟವರಲ್ಲ. ಹತ್ತನೇ ಕ್ಲಾಸಿನ ಫಲಿತಾಂಶದ ಮೇಲೆ ಮುಂದಿನ ವರ್ಷದ ಅಡ್ಮಿಷನ್ ನಿಂತಿರುತ್ತದೆ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ವಿಡಿಯೊ ಹರಿದಾಡಿದ ದಿನ ‘ಏನು ಕ್ರಮ ತಗೊಂಡ್ರಿ’ ಅಂತ ಸಂಜೆಯೊಳಗೆ ಐವತ್ತು ಮೆಸೇಜು ಬಂದಿರುತ್ತವೆ. 2022ರ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಶಾಲೆಗಳ ಬ್ಯಾಗ್ ತಪಾಸಣೆ ಸುದ್ದಿಯಾದ ಮೇಲೆ ಎಲ್ಲ ಕಡೆಯೂ ಮೊಬೈಲ್ ಅಂದರೆ ಗಾಬರಿ. ಎಚ್‌ಎಂ ಆಗುವವರಿಗೆ ಪಾಠ ಮಾಡುವುದು ಗೊತ್ತು, ಲೆಕ್ಕಪತ್ರ ಗೊತ್ತು; ದೂರು ಬಂದಾಗ ವಿಚಾರಣೆ ಹೇಗೆ ಮಾಡಬೇಕು ಅಂತ ಅವರಿಗೆ ಹೇಳಿಕೊಟ್ಟವರಿಲ್ಲ. ಟಿಸಿ ಕೊಟ್ಟು ಕಳಿಸುವುದು ಎಲ್ಲಕ್ಕಿಂತ ಬೇಗ ಮುಗಿಯುವ ದಾರಿ. ಇದನ್ನು ತಿಳಿದುಕೊಂಡು ಹೋದರೆ ನಿಮಗೆ ಲಾಭ. ಎಚ್‌ಎಂ ಅವರಿಗೆ ಮರ್ಯಾದೆಯಿಂದ ಹೊರಬರುವ ಒಂದು ದಾರಿ ನೀವೇ ತೋರಿಸಬಹುದು.

ಆ ದಾರಿ ಒಂದು ಪತ್ರ. ಯಾರನ್ನೂ ದೂಷಿಸದೆ, ಕಾನೂನಿನ ಕಲಂ ತುಂಬಿಸದೆ, ಹೀಗೆ ಬರೆಯಿರಿ:

‘ಮಾನ್ಯರೇ, ನನ್ನ ಮಗನನ್ನು ಇಂಥ ದಿನಾಂಕದಿಂದ ತರಗತಿಗೆ ಬರಬೇಡ ಎಂದು ಬಾಯಿಮಾತಿನಲ್ಲಿ ತಿಳಿಸಿದ್ದೀರಿ. ಆರೋಪ ಏನು ಎಂಬುದನ್ನು ಬರಹದಲ್ಲಿ ಕೊಡಿ. ಅವನ ಮಾತನ್ನು ನಮ್ಮ ಸಮ್ಮುಖದಲ್ಲಿ ಕೇಳಲು ಒಂದು ದಿನ ನಿಗದಿ ಮಾಡಿ. ಪೋಷಕರಿಲ್ಲದಾಗ ಅವನಿಂದ ಬರೆಸಿಕೊಂಡ ಪತ್ರಕ್ಕೆ ನಮ್ಮ ಒಪ್ಪಿಗೆ ಇಲ್ಲ. ಅದರ ಪ್ರತಿ ಕೊಡಿ. ಅವನು ತಪ್ಪು ಮಾಡಿದ್ದರೆ ಶಾಲೆಯ ನಿಯಮದಂತೆ ಸೂಕ್ತ ಕ್ರಮಕ್ಕೆ ನಾವು ಸಹಕರಿಸುತ್ತೇವೆ. ನಾವು ಟಿಸಿ ಕೇಳಿಲ್ಲ. ಈ ದಿನಗಳ ಗೈರನ್ನು ಹಾಜರಾತಿ ಕೊರತೆ ಎಂದು ಲೆಕ್ಕ ಹಾಕಬಾರದು. ವಿಚಾರಣೆ ಮುಗಿಯುವವರೆಗೆ ತರಗತಿಗೆ ಬರಲು ಅನುಮತಿ ಕೊಡಿ.’

ಎರಡು ಪ್ರತಿ ತಗೊಂಡು ಹೋಗಿ. ಒಂದರ ಮೇಲೆ ಶಾಲೆಯ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ತಗೊಳ್ಳಲ್ಲ ಅಂದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಶಿಕ್ಷೆ ಕೊಟ್ಟವರು ಬರಹದಲ್ಲಿ ಉತ್ತರಿಸಬೇಕು ಅಂದ ಕೂಡಲೇ ಒಮ್ಮೆ ಯೋಚಿಸುತ್ತಾರೆ. ನಾನು ಕಂಡಂತೆ ಬಹಳಷ್ಟು ಪ್ರಕರಣಗಳು ಈ ಹಂತದಲ್ಲೇ ತಿಳಿಯಾಗುತ್ತವೆ.

ವಾರ ಕಳೆದರೂ ಉತ್ತರ ಬರದಿದ್ದರೆ ಬಿಇಒ ಕಚೇರಿಗೆ ಅರ್ಜಿ, ಒಂದು ಪ್ರತಿ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಅವರಿಗೆ. ಇದರ ಅಪಾಯ ಅಂದರೆ ನಿಧಾನ. ಅರ್ಜಿ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವಷ್ಟರಲ್ಲಿ ತಿಂಗಳಾಗಬಹುದು. ಹಾಗಾಗಿ ಕೊಟ್ಟು ಬಂದು ಕೂರಬೇಡಿ, ಖುದ್ದಾಗಿ ಹೋಗಿ ಕೇಳುತ್ತಿರಿ. ಖಾಸಗಿ ಶಾಲೆಗೆ ನೇರವಾಗಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕುವುದು ಕಷ್ಟ, ಬಿಇಒ ಕಚೇರಿಗೆ ಹಾಕಬಹುದು, ‘ನನ್ನ ಅರ್ಜಿಯ ಮೇಲೆ ಏನು ಕ್ರಮ ಆಯಿತು’ ಅಂತ. ಅದರ ಜೊತೆಗೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಬಹುದು. ಖರ್ಚಿಲ್ಲ. ಆಯೋಗ ಶಾಲೆಯವರನ್ನು ಕರೆಸಬಹುದು, ದಾಖಲೆ ತರಿಸಬಹುದು. ಆದರೆ ಕೊನೆಗೆ ಅದು ಕೊಡುವುದು ಶಿಫಾರಸು. ಮಗ ತೀರಾ ಮಂಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಹೈಕೋರ್ಟ್ ಕೊನೆಯ ಬಾಗಿಲು. ನಿಮಗೆ ಹತ್ತಿರದ್ದು ಧಾರವಾಡ ಪೀಠ. ಖಾಸಗಿ ಶಾಲೆಯ ವಿರುದ್ಧ ರಿಟ್ (ಹೈಕೋರ್ಟಿಗೆ ನೇರವಾಗಿ ಹಾಕುವ ಅರ್ಜಿ) ನಡೆಯುವುದೇ ಇಲ್ಲ ಅನ್ನುವವರಿದ್ದಾರೆ. ಸಾರ್ವಜನಿಕ ಕರ್ತವ್ಯ ಮಾಡುವ ಖಾಸಗಿ ಸಂಸ್ಥೆಯನ್ನೂ ಸಂವಿಧಾನದ 226ನೇ ವಿಧಿ ಮುಟ್ಟುತ್ತದೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಒಂದು ಕಾಲೇಜು ಟ್ರಸ್ಟಿನ ಪ್ರಕರಣದಲ್ಲಿ ಹೇಳಿದೆ. ಆದರೂ ‘ಇಲಾಖೆಗೆ ಮೊದಲು ಹೋಗಿದ್ರಾ’ ಅಂತ ಕೋರ್ಟ್ ಕೇಳುತ್ತದೆ, ಶಾಲೆ ‘ಈ ಅರ್ಜಿ ನಡೆಯಲ್ಲ’ ಅಂತ ವಾದಿಸುತ್ತದೆ. ಹಣ, ಸಮಯ ಎರಡೂ ಹೋಗುತ್ತದೆ. ಶಾಲೆ ಬರಹದಲ್ಲಿ ಹೊರಹಾಕಿದರೆ, ಅಥವಾ ಹಾಲ್ ಟಿಕೆಟ್ ತಡೆಹಿಡಿಯುವ ಹಂತ ಬಂದರೆ ಆಗ ಹೋಗಿ, ತಡಮಾಡದೆ. ವಕೀಲರ ಫೀಸಿನ ಚಿಂತೆ ಇದ್ದರೆ ಹಾವೇರಿಯ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ದೂರವಾಣಿ ಸಂಖ್ಯೆ 15100.

ನಡತೆ ‘ಕೆಟ್ಟದು’ ಅಂತ ಬರೆಯುವ ಬೆದರಿಕೆಗೂ ಇದೇ ಉತ್ತರ. ವಿಚಾರಣೆ ಇಲ್ಲದೆ, ಕಾರಣ ಇಲ್ಲದೆ ಟಿಸಿಯಲ್ಲಿ ಹಾಗೆ ಬರೆದರೆ ಅದೂ ಒಂದು ಶಿಕ್ಷೆಯೇ. ಅದನ್ನು ಬಿಇಒ ಮುಂದೆ ಪ್ರಶ್ನೆ ಮಾಡಬಹುದು. ಅವರು ಬಾಯಲ್ಲಿ ಹೇಳಿದ್ದನ್ನು ನಿಮ್ಮ ಪತ್ರದಲ್ಲಿ ಒಂದು ಸಾಲಿನಲ್ಲಿ ದಾಖಲು ಮಾಡಿ, ಸಾಕು.

ಆಡಳಿತ ಮಂಡಳಿಯವರ ಸಂಬಂಧಿ ಹುಡುಗನ ವಿಷಯ. ನಿಮಗೆ ಸಿಟ್ಟು ಬರುವುದು ಸಹಜ. ಒಂದೇ ತಪ್ಪಿಗೆ ಒಬ್ಬನಿಗೆ ಗಡಿಪಾರು, ಇನ್ನೊಬ್ಬನಿಗೆ ಏನೂ ಇಲ್ಲ ಅನ್ನುವುದು ಅನ್ಯಾಯವೇ. ಆದರೆ ಪತ್ರದಲ್ಲಿ ಅವನ ಹೆಸರು ಬರೆಯಬೇಡಿ. ಅವನೂ ಮಗು. ‘ಘಟನೆಯಲ್ಲಿ ಇದ್ದ ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ರೀತಿಯ ವಿಚಾರಣೆ ಆಗಲಿ’ ಅಂತ ಬರೆಯಿರಿ. ಅರ್ಥ ಆಗಬೇಕಾದವರಿಗೆ ಅರ್ಥವಾಗುತ್ತದೆ. ಫೇಸ್‌ಬುಕ್ಕಿನಲ್ಲಿ ಶಾಲೆಯ ಹೆಸರು ಹಾಕಿ ಬರೆಯುವುದು, ಆ ವಿಡಿಯೊವನ್ನೇ ಮತ್ತೆ ಹಂಚುವುದು, ಇವೆರಡನ್ನೂ ಮನೆಯಲ್ಲಿ ಯಾರೂ ಮಾಡದ ಹಾಗೆ ನೋಡಿಕೊಳ್ಳಿ. ನಿಮ್ಮ ಮೈದುನನಿಗೆ ಇದನ್ನು ಗಟ್ಟಿಯಾಗಿ ಹೇಳಿ.

ಕಾಲು ಹಿಡಿಯುವುದು ಬೇಡ ಅಂತ ನಿಮ್ಮ ಯಜಮಾನರಿಗೆ ಹೇಳಿ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅಪ್ಪ ಅಲ್ಲಿ ಕಾಲು ಹಿಡಿದದ್ದನ್ನು ಮಗ ನೋಡಿದರೆ, ತಾನು ಮಾಡದ್ದಕ್ಕೂ ತಾನೇ ಕಾರಣ ಅಂತ ಅವನು ಒಳಗೇ ಕುಗ್ಗಿಹೋಗುತ್ತಾನೆ.

ಕ್ಷಮೆ ಕೇಳಬೇಕಾ ಅಂದಿರಿ. ಕೇಳಲಿ. ಮೊದಲು ಅವನನ್ನು ಕೂರಿಸಿಕೊಂಡು, ಬೈಯದೆ, ಪೂರ್ತಿ ಕೇಳಿ. ಮೊಬೈಲ್ ಯಾಕೆ ತಗೊಂಡು ಹೋದ, ಯಾರಿಗೆ ಯಾಕೆ ಕೊಟ್ಟ, ವಿಡಿಯೊ ಮಾಡುವಾಗ ಅವನಿಗೆ ಗೊತ್ತಿತ್ತಾ, ನೋಡಿ ನಕ್ಕನಾ. ಅವನು ಹೇಳಿದ್ದನ್ನು ದಿನಾಂಕ ಹಾಕಿ ಅವನ ಮಾತಿನಲ್ಲೇ ಬರೆದಿಡಿ. ವಿಚಾರಣೆಯ ದಿನ ಅದೇ ಕೆಲಸಕ್ಕೆ ಬರುತ್ತದೆ. ಆ ಮೇಡಂ ಪಾಠ ಮಾಡುತ್ತಿದ್ದರು, ಅವರಿಗೆ ತಿಳಿಯದೆ ಅವರನ್ನು ಊರಿನ ಮುಂದೆ ನಗೆಪಾಟಲು ಮಾಡಿದರು. ಮರುದಿನ ಅದೇ ಮಕ್ಕಳ ಮುಂದೆ ನಿಂತು ಮತ್ತೆ ಪಾಠ ಮಾಡಬೇಕಾಯಿತು. ಅವರಿಗೆ ಆಗಿರುವ ನೋವು ಸಣ್ಣದಲ್ಲ. ನಿಮ್ಮ ಮಗ ವಿಡಿಯೊ ತೆಗೆಯದೆ ಇರಬಹುದು, ಅವನ ಫೋನ್ ಅಲ್ಲಿತ್ತು. ಸ್ಟಾಫ್ ರೂಮಿನ ಗದ್ದಲದಲ್ಲಿ ಬೇಡ, ಎಚ್‌ಎಂ ಅನುಮತಿ ಪಡೆದು ನೀವೂ ಅವನೂ ಹೋಗಿ ಮೇಡಂ ಒಬ್ಬರನ್ನೇ ಕಾಣಿ. ‘ಮೇಡಂ, ನಾನು ಮೊಬೈಲ್ ತಂದೆ, ಇನ್ನೊಬ್ಬರಿಗೆ ಕೊಟ್ಟೆ, ನಿಲ್ಲಿಸಿ ಅಂತ ಹೇಳಲಿಲ್ಲ, ತಪ್ಪಾಯ್ತು’ ಅಂತ ಅವನು ಮಾಡಿದ್ದನ್ನು ಮಾತ್ರ ಹೇಳಲಿ. ಮಾಡದ್ದನ್ನು ಒಪ್ಪಿಕೊಳ್ಳುವುದು ಬೇಡ, ಇನ್ನೊಬ್ಬನ ಹೆಸರು ಎತ್ತುವುದೂ ಬೇಡ. ಬರೆದುಕೊಡು ಅಂದರೆ, ಅದನ್ನು ವಿಚಾರಣೆಯ ದಿನ ಕೊಡುತ್ತೇವೆ ಅಂತ ನೀವು ನಮ್ರವಾಗಿ ಹೇಳಿ ಬನ್ನಿ.